ನಿಮ್ಮ ಜೀವಕೋಶ ಯಾರ ಸ್ವತ್ತು? ಮೈಕಲ್ ಕ್ರೈಟನ್ ಅವರ ‘ನೆಕ್ಸ್ಟ್’ ಕಾದಂಬರಿಯ ಸುತ್ತಮುತ್ತ

‘ಜುರಾಸಿಕ್ ಪಾರ್ಕ್’ ಸಿನಿಮಾ ನೋಡದವರು ನಮ್ಮಲ್ಲಿ ಕಡಿಮೆ. 1993ರ ಆ ಚಿತ್ರಕ್ಕೆ ಆಧಾರವಾದ ಕಾದಂಬರಿ ಬಂದದ್ದು 1990ರಲ್ಲಿ. ಬರೆದವರು ಅಮೆರಿಕದ ಮೈಕಲ್ ಕ್ರೈಟನ್. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ 1969ರಲ್ಲಿ ಪದವಿ ಪಡೆದವರು, ಆದರೆ ಸ್ಟೆತಸ್ಕೋಪ್ ಬದಿಗಿಟ್ಟು ಕಾದಂಬರಿ ಬರೆಯಲು ಕೂತರು. ಡೈನೋಸಾರ್ ಕಥೆ ಎಲ್ಲರಿಗೂ ಗೊತ್ತು. ಅದೇ ಲೇಖಕರು ಜೀನ್‌ಗಳ ಮೇಲಿನ ಪ್ರಯೋಗಗಳ ಅಪಾಯದ ಬಗ್ಗೆ 2006ರಲ್ಲಿ ಇನ್ನೊಂದು ರೋಚಕ ಕಾದಂಬರಿ ಬರೆದರು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಹೆಸರು ‘ನೆಕ್ಸ್ಟ್’. ಅವರು ಬದುಕಿದ್ದಾಗ ಪ್ರಕಟವಾದ ಕೊನೆಯ ಕಾದಂಬರಿ ಅದು. 2008ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ನನ್ನನ್ನು ಕೇಳಿದರೆ, ಕಾದಂಬರಿಯಾಗಿ ‘ಜುರಾಸಿಕ್ ಪಾರ್ಕ್’ ದೊಡ್ಡದು, ಆದರೆ ನಮಗೆ ಹತ್ತಿರದ್ದು ‘ನೆಕ್ಸ್ಟ್’. ಡೈನೋಸಾರ್ ಬಂದು ನಮ್ಮನ್ನು ತಿನ್ನುವ ಸಂಭವ ಇಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಓದದೇ ಸಹಿ ಹಾಕುವ ಸಂಭವ ನಿಮಗೂ ಇದೆ, ನನಗೂ ಇದೆ. ಈ ಕಾದಂಬರಿ ಹೇಳುವ ಅಪಾಯ ಶುರುವಾಗುವುದೇ ಆ ಸಹಿಯಿಂದ.

ಮೊದಲು ಕಥೆಯ ಎಳೆ ಹೇಳಿಬಿಡುತ್ತೇನೆ. ಪೂರ್ತಿ ಹೇಳಿದರೆ ಓದುವ ಮಜಾ ಹೋಗುತ್ತೆ, ಬೇಕಾದಷ್ಟೇ ಹೇಳ್ತೇನೆ.

ಫ್ರಾಂಕ್ ಬರ್ನೆಟ್ ಎಂಬಾತನಿಗೆ ರಕ್ತದ ಕ್ಯಾನ್ಸರ್. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗುತ್ತೆ, ಗುಣವೂ ಆಗುತ್ತೆ. ಆಮೇಲೂ ವರ್ಷಗಟ್ಟಲೆ ವೈದ್ಯರು ಅವನನ್ನು ಮತ್ತೆ ಮತ್ತೆ ಕರೆಸಿ ರಕ್ತ, ಅಂಗಾಂಶ ತೆಗೆದುಕೊಳ್ಳುತ್ತಾರೆ. ರೋಗ ಮರುಕಳಿಸೀತೆಂಬ ಭಯದಲ್ಲಿ ಅವನು ಹೋಗುತ್ತಲೇ ಇರುತ್ತಾನೆ. ನಿಜ ವಿಷಯ ಬೇರೆ. ಅವನ ಜೀವಕೋಶಗಳಲ್ಲಿ ಕ್ಯಾನ್ಸರ್ ವಿರುದ್ಧ ಹೋರಾಡುವ ವಿಶೇಷ ಶಕ್ತಿ ಇದೆ, ವಿಶ್ವವಿದ್ಯಾಲಯ ಆ ಕೋಶಗಳನ್ನು ಬಯೋಜೆನ್ ಎಂಬ ಕಂಪನಿಗೆ ಮಾರಿಬಿಟ್ಟಿದೆ. ವಕೀಲೆಯಾದ ಮಗಳು ಅಲೆಕ್ಸ್ ಜತೆ ಸೇರಿ ಬರ್ನೆಟ್ ಕೋರ್ಟಿಗೆ ಹೋದರೆ, ನ್ಯಾಯಾಧೀಶರು ದೇಹದಿಂದ ಹೊರಬಂದ ಕೋಶ ನಿನ್ನ ಸ್ವತ್ತಲ್ಲ ಅಂತ ತೀರ್ಪು ಕೊಡುತ್ತಾರೆ. ಮುಂದೆ ಕಂಪನಿಯಲ್ಲಿದ್ದ ಆ ಕೋಶಗಳು ಹಾಳಾಗುತ್ತವೆ. ಆಗ ಕಂಪನಿಯವರು, ಬರ್ನೆಟ್‌ನ ಕೋಶಗಳು ನಮ್ಮ ಆಸ್ತಿ ಅಂತ ಕೋರ್ಟೇ ಹೇಳಿದೆಯಲ್ಲ, ಹಾಗಾದರೆ ಅದೇ ಕೋಶಗಳಿರುವ ಅವನ ಮಗಳ ಮತ್ತು ಮೊಮ್ಮಗನ ದೇಹದಿಂದ ತೆಗೆದುಕೊಳ್ಳುವ ಹಕ್ಕೂ ನಮಗಿದೆ ಅಂತ ವಾದ ಹೂಡುತ್ತಾರೆ. ಒಬ್ಬ ಬಾಡಿಗೆ ಬೇಟೆಗಾರನನ್ನು ತಾಯಿ ಮಗುವಿನ ಬೆನ್ನಿಗೆ ಬಿಡುತ್ತಾರೆ. ಓಟ ಅಲ್ಲಿಂದ ಶುರು.

ಇದು ಒಂದು ಎಳೆ. ಇನ್ನೂ ಹಲವು ಇವೆ. ಹೆನ್ರಿ ಕೆಂಡಲ್ ಎಂಬ ವಿಜ್ಞಾನಿ ಹಿಂದೊಮ್ಮೆ ತನ್ನದೇ ಜೀನ್‌ಗಳನ್ನು ಚಿಂಪಾಂಜಿಯ ಭ್ರೂಣಕ್ಕೆ ಸೇರಿಸಿ ಪ್ರಯೋಗ ಮಾಡಿರುತ್ತಾನೆ. ಭ್ರೂಣ ಉಳಿಯಲಾರದು ಅಂದುಕೊಂಡಿದ್ದರೆ ಅದು ಹುಟ್ಟಿ, ಬೆಳೆದು, ಮಾತನ್ನೂ ಆಡುತ್ತಿದೆ. ಪ್ರಯೋಗಾಲಯದವರು ಅದನ್ನು ಕೊಂದು ಸುದ್ದಿ ಮುಚ್ಚಲು ಹೊರಟಾಗ ಕೆಂಡಲ್ ಅದನ್ನು ಮನೆಗೆ ತರುತ್ತಾನೆ. ಡೇವ್ ಅಂತ ಹೆಸರು. ಹೆಂಡತಿ ಮೊದಲು ಹೌಹಾರಿ, ಆಮೇಲೆ ಅವನಿಗೆ ಯಾವುದೋ ಅಪರೂಪದ ಕಾಯಿಲೆ ಅಂತ ಒಂದು ಸುಳ್ಳು ಹೆಸರು ಕಟ್ಟಿ ಶಾಲೆಗೆ ಸೇರಿಸುತ್ತಾಳೆ. ಇನ್ನೊಂದು ಕಡೆ ಜೆರಾರ್ಡ್ ಎಂಬ ಬೂದು ಗಿಳಿ, ಇದಕ್ಕೂ ಜೀನ್ ಸೇರಿಸಲಾಗಿದೆ. ಅದು ಪ್ಯಾರಿಸ್‌ನ ಮನೆಯೊಂದರಲ್ಲಿ ಹುಡುಗನಿಗೆ ಲೆಕ್ಕದ ಹೋಂವರ್ಕ್ ಮಾಡಿಕೊಡುತ್ತೆ. ಮನೆಯಜಮಾನ ಹೆಂಡತಿಗೆ ಗೊತ್ತಿಲ್ಲದೆ ಮಾಡುವ ವ್ಯವಹಾರವನ್ನೂ ಬಾಯಿಬಿಟ್ಟು ಹೇಳಿಬಿಡುತ್ತೆ. ಅದಾದ ಮೇಲೆ ಗಿಳಿಗೆ ಆ ಮನೆಯಲ್ಲಿ ಜಾಗ ಇರುವುದಿಲ್ಲ.

ಮೂರನೆಯ ಎಳೆ ಎಲ್ಲಕ್ಕಿಂತ ದುಃಖದ್ದು. ಜಾಶ್ ಎಂಬ ಸಂಶೋಧಕನ ತಮ್ಮ ಆಡಂ ಮಾದಕ ವ್ಯಸನಿ. ಅಣ್ಣನ ಕಾರಿನಲ್ಲಿದ್ದ, ಇಲಿಗಳಿಗಾಗಿ ತಯಾರಿಸಿದ ಸ್ಪ್ರೇಯನ್ನು ನಶೆಯ ಪದಾರ್ಥ ಅಂದುಕೊಂಡು ಮೂಗಿಗೆ ಎಳೆದುಕೊಳ್ಳುತ್ತಾನೆ. ಅದರಲ್ಲಿದ್ದದ್ದು ‘ಪ್ರಬುದ್ಧತೆಯ ಜೀನ್’. ಕೆಲವೇ ದಿನಗಳಲ್ಲಿ ಹುಡುಗ ಚಟ ಬಿಟ್ಟು, ಕೆಲಸಕ್ಕೆ ಸೇರಿ, ಜವಾಬ್ದಾರಿಯ ಮನುಷ್ಯನಾಗುತ್ತಾನೆ. ತಾಯಿಗೆ ಸಂತೋಷ ತಡೆಯಲಾಗದೆ ತನ್ನ ಪರಿಚಯದವರಿಗೆಲ್ಲ ಹೇಳುತ್ತಾಳೆ, ಅವರೂ ತಮ್ಮ ಮಕ್ಕಳಿಗೆ ಬೇಕು ಅನ್ನುತ್ತಾರೆ. ಆಮೇಲೆ ಇಲಿಗಳು ಬೇಗ ಮುದಿಯಾಗಿ ಸಾಯುತ್ತಿರುವುದು ತಿಳಿಯುತ್ತೆ. ಹುಡುಗನ ಗತಿಯೂ ಅದೇ.

ಇಷ್ಟು ಓದಿ ನೀವು, ಇದೆಲ್ಲ ಕಟ್ಟುಕಥೆ ಬಿಡಿ ಅಂತೀರಿ. ಮಾತಾಡುವ ಚಿಂಪಾಂಜಿ ಕಟ್ಟುಕಥೆಯೇ. ಆದರೆ ಬರ್ನೆಟ್‌ನ ಕಥೆ ಹೆಚ್ಚುಕಡಿಮೆ ನಡೆದದ್ದು.

ಆತನ ಹೆಸರು ಜಾನ್ ಮೂರ್. ಅಲಾಸ್ಕದ ತೈಲ ಪೈಪ್‌ಲೈನಿನಲ್ಲಿ ಸರ್ವೇ ಕೆಲಸ ಮಾಡುತ್ತಿದ್ದವನು. 1976ರಲ್ಲಿ ಅಪರೂಪದ ರಕ್ತದ ಕ್ಯಾನ್ಸರ್ ಬಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸೇರಿದ. ಡಾ. ಡೇವಿಡ್ ಗೋಲ್ಡ್ ಚಿಕಿತ್ಸೆ ನೀಡಿದರು, ಊದಿಕೊಂಡಿದ್ದ ಗುಲ್ಮವನ್ನು ತೆಗೆಸಿದರು. ಚಿಕಿತ್ಸೆ ಸರಿಯಾದದ್ದೇ, ಮೂರ್ ಬದುಕಿಕೊಂಡ. ಆಮೇಲಿನ ಏಳು ವರ್ಷ ಅವನು ಸಿಯಾಟಲ್‌ನಿಂದ ಮತ್ತೆ ಮತ್ತೆ ಬಂದು ರಕ್ತ, ಅಸ್ಥಿಮಜ್ಜೆ, ಚರ್ಮ, ವೀರ್ಯದ ಮಾದರಿ ಕೊಟ್ಟು ಹೋಗುತ್ತಿದ್ದ. ಇದು ತನ್ನ ಆರೋಗ್ಯಕ್ಕೆ ಅಂತಲೇ ನಂಬಿದ್ದ. 1983ರಲ್ಲಿ ಅವನ ಮುಂದೆ ಒಂದು ಹೊಸ ಫಾರ್ಮ್ ಇಟ್ಟರು. ನಿನ್ನ ರಕ್ತದಿಂದ ಬರುವ ಯಾವುದೇ ಕೋಶ ಅಥವಾ ವಸ್ತುವಿನ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಡುತ್ತೀಯಾ, ಇಲ್ಲವಾ ಅಂತ. ಒಂದು ಸಲ ‘ಇಲ್ಲ’ ಅಂತ ಗುರುತು ಹಾಕಿದ. ಅದಾದ ಮೇಲೆ ಅವನ ಬೆನ್ನು ಬಿಡಲಿಲ್ಲ. ಇಷ್ಟೊಂದು ಒತ್ತಾಯ ಯಾಕೆ ಅಂತ ಅನುಮಾನ ಬಂದು ವಕೀಲರ ಹತ್ತಿರ ಹೋದ.

ಆಗ ಹೊರಬಿತ್ತು. ಅವನ ಗುಲ್ಮದ ಕೋಶಗಳಿಂದ ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತಲೇ ಇರುವ ಕೋಶಸಂತಾನ ತಯಾರಾಗಿದೆ. ಅದಕ್ಕೆ ಅವನ ಹೆಸರಿನದೇ ಮೊದಲೆರಡು ಅಕ್ಷರ, ‘ಮೊ’. 1984ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಂದು ಕಂಪನಿಯ ಜತೆಗಿನ ಒಪ್ಪಂದದಲ್ಲಿ ವೈದ್ಯರಿಗೆ 75,000 ಷೇರುಗಳು, ಅವರಿಗೂ ವಿಶ್ವವಿದ್ಯಾಲಯಕ್ಕೂ ಸೇರಿ ಮೂರು ವರ್ಷದಲ್ಲಿ ಕನಿಷ್ಠ 3,30,000 ಡಾಲರ್. ಗುಲ್ಮ ಕೊಟ್ಟವನಿಗೆ ಏನೂ ಇಲ್ಲ, ಗೊತ್ತೂ ಇಲ್ಲ.

1990ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರಲ್ಲಿ ಎರಡು ಭಾಗ ಇದೆ, ಎರಡನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ವೈದ್ಯರು ತಮಗೆ ಈ ಕೋಶಗಳಲ್ಲಿ ಹಣದ ಆಸಕ್ತಿ ಇದೆ ಅಂತ ರೋಗಿಗೆ ಮೊದಲೇ ಹೇಳಬೇಕಿತ್ತು, ಅದನ್ನು ಮುಚ್ಚಿಟ್ಟ ಬಗ್ಗೆ ಮೂರ್ ದಾವೆ ಹೂಡಬಹುದು ಅಂತ ಒಂದು ಭಾಗ. ಆದರೆ ದೇಹದಿಂದ ತೆಗೆದ ಕೋಶಗಳ ಮೇಲೆ ಅವನಿಗೆ ಸ್ವತ್ತಿನ ಹಕ್ಕಿಲ್ಲ, ಲಾಭದಲ್ಲಿ ಪಾಲು ಕೇಳುವಂತಿಲ್ಲ ಅಂತ ಇನ್ನೊಂದು ಭಾಗ. ಹಾಗೆ ಹಕ್ಕು ಕೊಟ್ಟರೆ ಸಂಶೋಧನೆ ನಿಂತುಹೋದೀತು ಅನ್ನುವುದು ಬಹುಮತದ ಆತಂಕವಾಗಿತ್ತು. ಯೋಚಿಸಿ ನೋಡಿ: ಆ ಕೋಶ ಕಂಪನಿಯ ಸ್ವತ್ತಾಗಬಹುದು, ವಿಶ್ವವಿದ್ಯಾಲಯದ ಸ್ವತ್ತಾಗಬಹುದು, ಯಾರ ಮೈಯಿಂದ ಬಂತೋ ಅವನೊಬ್ಬನ ಸ್ವತ್ತು ಮಾತ್ರ ಆಗಬಾರದು. ಕ್ರೈಟನ್ ಮಾಡಿದ್ದೇನೆಂದರೆ, ಈ ತರ್ಕವನ್ನು ಕೈಹಿಡಿದು ಇನ್ನೂ ನಾಲ್ಕು ಹೆಜ್ಜೆ ಮುಂದಕ್ಕೆ ನಡೆಸಿದ್ದು. ತಂದೆಯ ಕೋಶ ಕಂಪನಿಯದ್ದಾದರೆ ಮಗಳದ್ದು? ಮೊಮ್ಮಗನದ್ದು?

ಮೂರ್‌ಗಿಂತ ಮೊದಲು ಹೆನ್ರಿಯೆಟ್ಟಾ ಲ್ಯಾಕ್ಸ್ ಇದ್ದರು. ಹೊಗೆಸೊಪ್ಪಿನ ಹೊಲದಲ್ಲಿ ದುಡಿದ ಕಪ್ಪು ಹೆಣ್ಣುಮಗಳು, ಐದು ಮಕ್ಕಳ ತಾಯಿ. 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವಾಗ ಗಡ್ಡೆಯ ಚೂರೊಂದನ್ನು ತೆಗೆದುಕೊಂಡರು, ಕೇಳಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ, 31ನೇ ವಯಸ್ಸಿಗೆ ಆಕೆ ತೀರಿಕೊಂಡರು. ಕೋಶಗಳು ಇವತ್ತಿಗೂ ಬದುಕಿವೆ. ‘ಹೀಲಾ’ ಎಂಬ ಹೆಸರಿನಲ್ಲಿ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬೆಳೆಯುತ್ತಿವೆ, ಪೋಲಿಯೊ ಲಸಿಕೆಯ ಪರೀಕ್ಷೆಯಿಂದ ಹಿಡಿದು ಎಷ್ಟೋ ಕೆಲಸಕ್ಕೆ ಬಳಕೆಯಾಗಿವೆ. ಮನೆಯವರಿಗೆ ಇದು ಗೊತ್ತಾಗಲು 20 ವರ್ಷಕ್ಕಿಂತ ಹೆಚ್ಚು ಬೇಕಾಯಿತು. 2023ರಲ್ಲಿ ಆ ಕೋಶಗಳಿಂದ ವ್ಯಾಪಾರ ಮಾಡಿದ ಒಂದು ಕಂಪನಿ ಕುಟುಂಬದ ಜತೆ ರಾಜಿ ಮಾಡಿಕೊಂಡಿತು.

ಇನ್ನು ಪೇಟೆಂಟ್ ವಿಷಯ. ಕಾದಂಬರಿಯ ಹಿಂದಿನ ಸಿಟ್ಟೆಲ್ಲ ಇದರ ಮೇಲೇ. ಇದಕ್ಕೆ ದಾರಿ ತೆರೆದ ಮೊಕದ್ದಮೆಯಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ ವಿಜ್ಞಾನಿಯ ಹೆಸರಿದೆ. ಬಂಗಾಳದ ಆನಂದ ಮೋಹನ ಚಕ್ರವರ್ತಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಕಚ್ಚಾತೈಲವನ್ನು ತಿಂದು ಕರಗಿಸುವ ಒಂದು ಬ್ಯಾಕ್ಟೀರಿಯಾ ತಯಾರಿಸಿದರು. ಜೀವಿಗೆ ಪೇಟೆಂಟ್ ಕೊಡಬಹುದಾ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಯಿತು. 1980ರಲ್ಲಿ 5 ನ್ಯಾಯಾಧೀಶರು ಹೌದು ಅಂದರು, 4 ಮಂದಿ ಬೇಡ ಅಂದರು. ಮನುಷ್ಯ ತಯಾರಿಸಿದ ಜೀವಿಗೆ ಪೇಟೆಂಟ್ ಸರಿ ಅಂತಾಯಿತು. ಅದೇ ವರ್ಷ ಅಮೆರಿಕದಲ್ಲಿ ‘ಬೇ-ಡೋಲ್’ ಎಂಬ ಕಾಯಿದೆ ಬಂತು: ಸರ್ಕಾರದ ಹಣದಲ್ಲಿ ಮಾಡಿದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಂಡು ಮಾರಬಹುದು. ಇವೆರಡೂ ಸೇರಿದ ಮೇಲೆ ಪ್ರಾಧ್ಯಾಪಕರು ಷೇರುದಾರರೂ ಆದರು. ಮನುಷ್ಯನಲ್ಲಿ ಸುಮಾರು 20,000 ಜೀನ್‌ಗಳಿವೆ. ಕ್ರೈಟನ್ ಕಾದಂಬರಿ ಬರೆಯುವ ಹೊತ್ತಿಗೆ ಅವುಗಳಲ್ಲಿ ಐದನೆಯ ಒಂದರಷ್ಟು ಅಮೆರಿಕದ ಯಾವುದಾದರೂ ಪೇಟೆಂಟಿನೊಳಗೆ ಸೇರಿಹೋಗಿದ್ದವು.

ಪೇಟೆಂಟ್ ಇದ್ದರೆ ರೋಗಿಗೇನು ತೊಂದರೆ? ಮಿರಿಯಡ್ ಎಂಬ ಕಂಪನಿಯ ಉದಾಹರಣೆ ಸಾಕು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಎರಡು ಜೀನ್‌ಗಳ ಪೇಟೆಂಟ್ ಅದರ ಕೈಯಲ್ಲಿತ್ತು. ಪರೀಕ್ಷೆಗೆ 3,000 ಡಾಲರಿಗಿಂತ ಹೆಚ್ಚು. ಬೇರೆ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಪರೀಕ್ಷಿಸೋಣ ಅಂದರೆ ಅದಕ್ಕೂ ಪೇಟೆಂಟ್ ಅಡ್ಡ. 2013ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ, ಪ್ರಕೃತಿಯಲ್ಲಿ ಇರುವ ಡಿಎನ್‌ಎಯನ್ನು ಬರೀ ಬೇರ್ಪಡಿಸಿದ್ದಕ್ಕೆ ಪೇಟೆಂಟ್ ಇಲ್ಲ ಅಂದಿತು. ಪ್ರಯೋಗಾಲಯದಲ್ಲಿ ನಕಲು ಮಾಡಿ ತಯಾರಿಸಿದ ಡಿಎನ್‌ಎಗೆ ಮಾತ್ರ ಕೊಡಬಹುದು ಅಂತ ಸಣ್ಣ ಬಾಗಿಲು ಬಿಟ್ಟಿತು. ಪತ್ರಿಕೆಗಳಲ್ಲೂ ಜೀನ್ ಪೇಟೆಂಟ್ ವಿರುದ್ಧ ಬರೆದಿದ್ದ ಕ್ರೈಟನ್ ಇದನ್ನು ನೋಡಲು ಇರಲಿಲ್ಲ. ನಮ್ಮ ದೇಶದ ಪೇಟೆಂಟ್ ಕಾಯಿದೆ ಈ ವಿಷಯದಲ್ಲಿ ಸ್ವಲ್ಪ ಗಟ್ಟಿ. ಪ್ರಕೃತಿಯಲ್ಲಿರುವ ವಸ್ತುವನ್ನು ಕಂಡುಹಿಡಿದದ್ದನ್ನು ಅದು ಆವಿಷ್ಕಾರ ಅಂತ ಒಪ್ಪುವುದಿಲ್ಲ.

ಈಗ ವಿಜ್ಞಾನದ ಕಡೆಗೆ ಬರೋಣ. ಇಲ್ಲಿ ಕಾದಂಬರಿಯನ್ನು ಕಣ್ಣುಮುಚ್ಚಿ ನಂಬಬೇಡಿ. ‘ಪ್ರಬುದ್ಧತೆಯ ಜೀನ್’ ಅಂತ ಯಾವುದೂ ಇಲ್ಲ. ಜೀನ್ ಅಂದರೆ ಒಂದು ಪ್ರೊಟೀನನ್ನು ಹೇಗೆ ಕಟ್ಟಬೇಕು ಅನ್ನುವ ಬರಹ, ಅಷ್ಟೆ. ಕುಡಗೋಲು ಕಣ ರಕ್ತಹೀನತೆಯಂಥ ಕೆಲವು ಕಾಯಿಲೆಗಳು ಒಂದೇ ಜೀನ್‌ನ ಒಂದೇ ಅಕ್ಷರ ತಪ್ಪಿದ್ದರಿಂದ ಬರುತ್ತವೆ, ನಿಜ. ಆದರೆ ಸ್ವಭಾವ, ಬುದ್ಧಿ, ಎತ್ತರ ಇಂಥವು ನೂರಾರು, ಸಾವಿರಾರು ಜೀನ್‌ಗಳು, ತಿಂದ ಅನ್ನ, ಬೆಳೆದ ಮನೆ ಎಲ್ಲ ಸೇರಿ ಆಗುವಂಥವು. ಒಂದು ಸ್ಪ್ರೇ ಹೊಡೆದರೆ ಹುಡುಗ ಜವಾಬ್ದಾರಿ ಕಲಿಯುವುದಾದರೆ ನಮ್ಮ ಎಷ್ಟೋ ತಾಯಂದಿರ ಕಷ್ಟ ತೀರುತ್ತಿತ್ತು! ಕ್ರೈಟನ್‌ಗೆ ಇದು ಗೊತ್ತಿಲ್ಲ ಅಂತಲ್ಲ. ಕಂಪನಿಗಳು ‘ಇಂಥ ಗುಣದ ಜೀನ್ ಸಿಕ್ಕಿತು’ ಅಂತ ಡಂಗುರ ಹೊಡೆಯುವುದನ್ನೇ ಅವರು ಅಣಕಿಸುತ್ತಿದ್ದಾರೆ.

ಆದರೂ ಆಡಂನ ಕಥೆಯ ಒಳಗಿನ ಭಯ ಸುಳ್ಳಲ್ಲ. ಜೀನ್ ಚಿಕಿತ್ಸೆಯಲ್ಲಿ ಸರಿಯಾದ ಜೀನನ್ನು ಕೋಶದೊಳಗೆ ಒಯ್ಯಲು ವೈರಸ್ಸನ್ನೇ ಗಾಡಿಯಾಗಿ ಬಳಸುತ್ತಾರೆ. ರೋಗ ತರುವ ಭಾಗ ಕಿತ್ತುಹಾಕಿ, ಬೇಕಾದ ಜೀನ್ ಹೇರಿ ಕಳಿಸುತ್ತಾರೆ. ಗಾಡಿ ಎಲ್ಲಿ ಹೋಗಿ ನಿಲ್ಲುತ್ತೆ ಅನ್ನುವುದು ಆಗ ಕೈಯಲ್ಲಿರಲಿಲ್ಲ. ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಪ್ಯಾರಿಸ್ ಮತ್ತು ಲಂಡನ್‌ನಲ್ಲಿ ಹೀಗೆ ಚಿಕಿತ್ಸೆ ಮಾಡಿದರು. ಹೆಚ್ಚಿನ ಮಕ್ಕಳಿಗೆ ಶಕ್ತಿ ಬಂತು. ಆದರೆ 20 ಮಕ್ಕಳಲ್ಲಿ 5 ಮಂದಿಗೆ ಕೆಲ ವರ್ಷಗಳಲ್ಲಿ ರಕ್ತದ ಕ್ಯಾನ್ಸರ್ ಬಂತು, ಒಂದು ಮಗು ತೀರಿಕೊಂಡಿತು. ವೈರಸ್ ಹೋಗಿ ಕೂತದ್ದು ಕ್ಯಾನ್ಸರಿಗೆ ಕಾರಣವಾಗಬಲ್ಲ ಒಂದು ಜೀನ್‌ನ ಪಕ್ಕದಲ್ಲಿ.

ಇನ್ನೊಂದು ಘಟನೆ 1999ರ ಸೆಪ್ಟೆಂಬರಿನದ್ದು. ಜೆಸ್ಸಿ ಗೆಲ್ಸಿಂಗರ್, 18 ವರ್ಷದ ಹುಡುಗ. ಯಕೃತ್ತಿನ ಒಂದು ಹುಟ್ಟು ಕಾಯಿಲೆ ಇತ್ತು, ಆದರೆ ಪಥ್ಯ ಮತ್ತು ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಮುಂದೆ ಹುಟ್ಟುವ ಮಕ್ಕಳಿಗೆ ಉಪಕಾರ ಆಗಲಿ ಅಂತ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗಕ್ಕೆ ಒಪ್ಪಿಕೊಂಡ. ಜೀನ್ ಹೊತ್ತ ವೈರಸ್ಸನ್ನು ಮೈಗೆ ಬಿಟ್ಟ ನಾಲ್ಕನೇ ದಿನಕ್ಕೆ ತೀರಿಕೊಂಡ. ಆಮೇಲೆ ತನಿಖೆಯಲ್ಲಿ ಗೊತ್ತಾದದ್ದು: ಇಂಥದ್ದೇ ಪ್ರಯೋಗದಲ್ಲಿ ಮಂಗಗಳು ಸತ್ತ ವಿಷಯ ಅವನು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಇರಲಿಲ್ಲ, ಪ್ರಯೋಗ ನಡೆಸಿದ ಸಂಸ್ಥೆಯ ಮುಖ್ಯಸ್ಥರಿಗೆ ಸಂಬಂಧಪಟ್ಟ ಕಂಪನಿಯಲ್ಲಿ ಪಾಲಿತ್ತು. ಮತ್ತೆ ಅದೇ ಸಹಿ, ಅದೇ ಷೇರು.

ಕಾದಂಬರಿಯ ಒಂದು ದೋಷವನ್ನು ಇಲ್ಲೇ ಹೇಳಬೇಕು. ಅಧ್ಯಾಯಗಳ ನಡುವೆ ಕ್ರೈಟನ್ ಪತ್ರಿಕಾ ವರದಿಗಳ ತರಹದ ತುಣುಕುಗಳನ್ನು ಸೇರಿಸುತ್ತಾರೆ. ಕೆಲವು ನಿಜ, ಕೆಲವು ಹೆಣೆದವು. ಹೊಂಬಣ್ಣದ ಕೂದಲಿನವರು ಮುಂದೆ ಇಲ್ಲವಾಗುತ್ತಾರೆ ಎಂಬ ಸುದ್ದಿ ಅದರಲ್ಲಿದೆ. ಆ ಸುದ್ದಿ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಹರಡಿ, ಸಂಸ್ಥೆಯೇ ಇದು ನಮ್ಮದಲ್ಲ ಅಂದಿತ್ತು. ಜಾಣ ಓದುಗರಿಗೆ ಇದು ತಮಾಷೆ. ಆದರೆ ವಾಟ್ಸಾಪ್ ನಂಬುವ ಕಾಲದಲ್ಲಿ ಇದು ಅಷ್ಟು ತಮಾಷೆಯಾಗಿ ಉಳಿಯುವುದಿಲ್ಲ. ಕೋವಿಡ್ ಲಸಿಕೆ ಜೀನ್ ಬದಲಾಯಿಸುತ್ತೆ, ಮಕ್ಕಳಾಗಲ್ಲ ಅಂತ ನಮ್ಮ ಮನೆಗಳ ಗುಂಪುಗಳಲ್ಲೂ ಬಂದದ್ದು ನಿಮಗೆ ನೆನಪಿರಬಹುದು. ಎಂಆರ್‌ಎನ್‌ಎ ಲಸಿಕೆ ಡಿಎನ್‌ಎ ಇರುವ ಕೋಶಕೇಂದ್ರದೊಳಗೆ ಹೋಗುವುದೇ ಇಲ್ಲ. ಇನ್ನೊಂದು, ಕ್ರೈಟನ್ ತಮ್ಮನ್ನು ಟೀಕಿಸಿದ ಪತ್ರಕರ್ತನೊಬ್ಬನ ಹೆಸರನ್ನು ಹೋಲುವ ಹೆಸರನ್ನು ಒಬ್ಬ ನೀಚ ಪಾತ್ರಕ್ಕೆ ಇಟ್ಟು ಸೇಡು ತೀರಿಸಿಕೊಂಡಿದ್ದಾರೆ. ಅಷ್ಟು ದೊಡ್ಡ ಲೇಖಕರಿಗೆ ಅದು ಬೇಕಿರಲಿಲ್ಲ.

ನಮ್ಮಂಥ ಓದುಗರಿಗೆ ಈ ಪುಸ್ತಕ ಯಾಕೆ ಮುಖ್ಯ ಅಂದರೆ, ಊರಿನಿಂದ ಚಿಕಿತ್ಸೆಗೆ ಅಂತ ಮುಂಬೈಗೋ ಚೆನ್ನೈಗೋ ಬರುವವರಿಗೆ ಜತೆಗಾರರು ನಾವೇ. ಫಾರ್ಮ್ ಓದುವುದೂ ನಾವೇ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಕಡೆಯ ವಯಸ್ಸಾದ ತಾಯಿಯೊಬ್ಬರ ಜತೆ ಇಲ್ಲಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಶಸ್ತ್ರಚಿಕಿತ್ಸೆಯ ಮುಂಚಿನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ, ನಾಲ್ಕು ಪುಟ. ಸಿಬ್ಬಂದಿ ಹೆಬ್ಬೆಟ್ಟು ಒತ್ತುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರು. ಮೂರನೇ ಪುಟದಲ್ಲಿ, ತೆಗೆದ ಅಂಗಾಂಶವನ್ನು ಬೋಧನೆಗೆ ಮತ್ತು ಸಂಶೋಧನೆಗೆ ಬಳಸಬಹುದು ಅಂತ ಒಂದು ಸಾಲು. ಓದಿ ಹೇಳಿದೆ. “ಕೊಯ್ದು ತೆಗೆದದ್ದನ್ನು ಬಿಸಾಡುವುದಿಲ್ವಾ ಮಗಾ?” ಅಂದರು. ಇಲ್ಲ, ಇಟ್ಟುಕೊಂಡು ಪರೀಕ್ಷೆ ಮಾಡಬಹುದು ಅಂದೆ. “ಇನ್ನೊಬ್ಬರಿಗೆ ಗುಣ ಆಗುವುದಾದ್ರೆ ಇಟ್ಕೊಳ್ಳಲಿ. ಆದ್ರೆ ನನ್ನಲ್ಲಿ ಒಂದು ಮಾತು ಕೇಳ್ಬೇಕಲ್ವಾ?” ಅಂದರು. ಸಿಬ್ಬಂದಿಯನ್ನು ಕೇಳಿದಾಗ ಆ ಸಾಲಿಗೆ ಬೇಡ ಅಂತಲೂ ಹೇಳಬಹುದು ಅಂತ ಗೊತ್ತಾಯಿತು. ತಾಯಿ ಬೇಡ ಅನ್ನಲಿಲ್ಲ, ಒಪ್ಪಿಯೇ ಹೆಬ್ಬೆಟ್ಟು ಒತ್ತಿದರು.

ಆ ತಾಯಿ ಕೇಳಿದ ಮಾತನ್ನೇ ನಮ್ಮ ನಿಯಮಗಳೂ ಹೇಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆಯನ್ನು ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ, ಸರಳವಾಗಿ ಹೇಳಿ ಪಡೆಯಬೇಕು. ಓದಲು ಬಾರದವರಾದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಇನ್ನೂ ಮುಖ್ಯ ಏನಂದರೆ, ಸಂಶೋಧನೆಗೆ ಕೊಟ್ಟ ಮಾದರಿ ಮತ್ತು ಮಾಹಿತಿ ಕೊಟ್ಟವರದ್ದೇ, ಸಂಸ್ಥೆ ಅದನ್ನು ಕಾಯುವವರು ಮಾತ್ರ ಅನ್ನುವ ನಿಲುವು ಆ ಮಾರ್ಗಸೂಚಿಯಲ್ಲಿದೆ. ಬೇಡ ಅನಿಸಿದರೆ ವಾಪಸ್ ಪಡೆಯಲೂ ಅವಕಾಶ ಇದೆ. ಜಾನ್ ಮೂರ್‌ಗೆ ಕ್ಯಾಲಿಫೋರ್ನಿಯಾ ಕೊಡದ ಮಾತು ಇದು.

ಕಾಗದದಲ್ಲಿ ಇದ್ದರೆ ಸಾಕಾಗಲ್ಲ ಅನ್ನುವುದಕ್ಕೆ ನಮ್ಮಲ್ಲೂ ಉದಾಹರಣೆ ಇದೆ. 2009-10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡುಗಿಯರಿಗೆ ಗರ್ಭಕಂಠ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಧ್ಯಯನಕ್ಕಾಗಿ ಹಾಕಿದರು. ಅವರಲ್ಲಿ ಹಾಸ್ಟೆಲಿನಲ್ಲಿದ್ದ ಆದಿವಾಸಿ ಮಕ್ಕಳೂ ಇದ್ದರು. ತಂದೆತಾಯಿಯ ಬದಲು ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದನ್ನು ಸಂಸತ್ತಿನ ಸ್ಥಾಯಿ ಸಮಿತಿ 2013ರ ವರದಿಯಲ್ಲಿ ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ, ಅದರಲ್ಲಿ ಗೊಂದಲ ಬೇಡ. ತಪ್ಪಿದ್ದು ಕೇಳುವ ಕ್ರಮದಲ್ಲಿ.

ಈಗ ಜೀವಕೋಶದ ಜಾಗಕ್ಕೆ ಮಾಹಿತಿ ಬಂದಿದೆ. ಎಂಜಲು ಕಳಿಸಿದರೆ ನಿಮ್ಮ ಪೂರ್ವಜರು ಯಾರು ಅಂತ ಹೇಳುವ ಅಮೆರಿಕದ ಕಂಪನಿಯೊಂದರ ಹತ್ತಿರ ಸುಮಾರು 1.5 ಕೋಟಿ ಜನರ ಜೀನ್ ಮಾಹಿತಿ ಇತ್ತು. 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಆಗ ಎದ್ದ ಪ್ರಶ್ನೆ: ಮೇಜು ಕುರ್ಚಿಯ ಜತೆ ಜನರ ಡಿಎನ್‌ಎ ಮಾಹಿತಿಯೂ ಹರಾಜಿಗಾ? ನಿಮ್ಮೊಬ್ಬರ ಎಂಜಲಿನಲ್ಲಿ ಅಣ್ಣತಮ್ಮಂದಿರ, ಮಕ್ಕಳ ಗುಟ್ಟೂ ಇರುತ್ತೆ ಅನ್ನುವುದನ್ನು ಮರೆಯಬೇಡಿ. ಅಲೆಕ್ಸ್ ಬರ್ನೆಟ್‌ಳ ಬೆನ್ನಟ್ಟಿದ್ದು ಇದೇ ಕಾರಣಕ್ಕೆ. ನಮ್ಮ ದೇಶದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 10,000 ಭಾರತೀಯರ ಪೂರ್ತಿ ಡಿಎನ್‌ಎಯನ್ನು ಓದುವ ಯೋಜನೆ ನಡೆಯಿತು. 2025ರ ಜನವರಿಯಲ್ಲಿ ಸಂಶೋಧಕರಿಗಾಗಿ ಆ ಮಾಹಿತಿಯನ್ನು ತೆರೆಯಲಾಯಿತು. ಅದನ್ನು ಇಟ್ಟಿರುವುದು ಫರೀದಾಬಾದಿನ ಸರ್ಕಾರಿ ಕೇಂದ್ರದಲ್ಲಿ. ಒಳ್ಳೆಯ ಕೆಲಸವೇ, ಯಾಕೆಂದರೆ ಯುರೋಪಿನವರ ಜೀನ್ ನೋಡಿ ತಯಾರಿಸಿದ ಪರೀಕ್ಷೆ ನಮಗೆ ಸರಿಹೊಂದಬೇಕು ಅಂತೇನಿಲ್ಲ. ಅದರಿಂದ ಹುಟ್ಟುವ ಔಷಧಿಯ ಲಾಭ ರಕ್ತ ಕೊಟ್ಟ ಸಮುದಾಯಗಳಿಗೆ ಹೇಗೆ ತಲುಪುತ್ತೆ ಅನ್ನುವುದನ್ನು ಮಾತ್ರ ಕೇಳುತ್ತಲೇ ಇರಬೇಕು.

ಹೆದರಿಸುವುದೇ ಆಯಿತು ಅಂತ ಅನಿಸಬಾರದು, ಅದಕ್ಕೆ ಇನ್ನೊಂದು ಮಗ್ಗುಲು. ಕಾದಂಬರಿ ಬಂದ ಆರು ವರ್ಷಕ್ಕೆ, 2012ರಲ್ಲಿ, ಕ್ರಿಸ್ಪರ್ ಎಂಬ ಕತ್ತರಿ ಸಿಕ್ಕಿತು. ಡಿಎನ್‌ಎಯಲ್ಲಿ ಬೇಕಾದ ಜಾಗಕ್ಕೇ ಹೋಗಿ ಕತ್ತರಿಸುತ್ತೆ. 2018ರಲ್ಲಿ ಚೀನಾದ ಹೇ ಜಿಯಾನ್‌ಕುಯಿ ಎಂಬ ವಿಜ್ಞಾನಿ ಇದನ್ನು ಭ್ರೂಣಗಳ ಮೇಲೆ ಬಳಸಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು ಅಂತ ಘೋಷಿಸಿದಾಗ ಜಗತ್ತೇ ಬೆಚ್ಚಿತು. ಭ್ರೂಣದಲ್ಲಿ ಮಾಡಿದ ಬದಲಾವಣೆ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತೆ, ಅವರನ್ನು ಕೇಳುವವರು ಯಾರು? ಆತನಿಗೆ ಮೂರು ವರ್ಷ ಜೈಲಾಯಿತು. ಭಾರತದಲ್ಲೂ ಇಂಥ ಚಿಕಿತ್ಸೆಗೆ ನಿಷೇಧ ಇದೆ. ಆದರೆ ಅದೇ ಕತ್ತರಿಯಿಂದ ಕುಡಗೋಲು ಕಣ ಕಾಯಿಲೆಗೆ ಚಿಕಿತ್ಸೆ ಬಂದು 2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟವು. ಇಲ್ಲಿ ಬದಲಾವಣೆ ರೋಗಿಯ ರಕ್ತದ ಮೂಲಕೋಶಗಳಲ್ಲಿ ಮಾತ್ರ, ಮಕ್ಕಳಿಗೆ ಹೋಗುವುದಿಲ್ಲ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಮಧ್ಯ ಭಾರತದ ಆದಿವಾಸಿಗಳಲ್ಲಿ, ನಮ್ಮ ಚಾಮರಾಜನಗರ, ಕೊಡಗಿನ ಕಾಡಂಚಿನ ಜನರಲ್ಲಿ ಈ ಕಾಯಿಲೆ ಇದೆ. ಆ ಬೆಲೆ ಕೇಳಿದರೆ ಅವರೇನು ಅನ್ನಬೇಕು? ದೆಹಲಿಯ ಸಿಎಸ್‌ಐಆರ್ ಪ್ರಯೋಗಾಲಯದಲ್ಲಿ ಕಡಿಮೆ ಖರ್ಚಿನ ಚಿಕಿತ್ಸೆಗಾಗಿ ಕೆಲಸ ನಡೆಯುತ್ತಿದೆ. ಅಲ್ಲಿ ಓದುವ, ಓದಬೇಕೆಂದಿರುವ ನಮ್ಮ ಮಕ್ಕಳು ಈ ಕಾದಂಬರಿಯನ್ನೂ ಓದಲಿ ಅನ್ನುವುದು ನನ್ನಾಸೆ.

ಪುಸ್ತಕದ ಕೊನೆಯಲ್ಲಿ ಕ್ರೈಟನ್ ಒಂದು ಟಿಪ್ಪಣಿ ಬರೆದು ಐದು ಬೇಡಿಕೆ ಇಡುತ್ತಾರೆ. ಜೀನ್‌ಗಳಿಗೆ ಪೇಟೆಂಟ್ ನಿಲ್ಲಿಸಿ, ಮನುಷ್ಯನ ಅಂಗಾಂಶ ಬಳಸಲು ಸ್ಪಷ್ಟ ನಿಯಮ ತನ್ನಿ, ಜೀನ್ ಪ್ರಯೋಗಗಳ ಮಾಹಿತಿಯನ್ನು ಜನರ ಮುಂದಿಡಿ, ಸಂಶೋಧನೆಯನ್ನೇ ನಿಷೇಧಿಸಬೇಡಿ, ಬೇ-ಡೋಲ್ ಕಾಯಿದೆ ರದ್ದು ಮಾಡಿ. ನಾಲ್ಕನೆಯದು ಹಲವರಿಗೆ ಅಚ್ಚರಿ. ಇಷ್ಟೆಲ್ಲ ಹೆದರಿಸಿದವರು ನಿಷೇಧ ಬೇಡ ಅಂತಾರಲ್ಲ! ಅವರ ದೂರು ವ್ಯಾಪಾರದ ಮೇಲೆ, ಗುಟ್ಟಿನ ಮೇಲೆ. ಬೇ-ಡೋಲ್ ಇವತ್ತಿಗೂ ಇದೆ. ಅದೇ ಮಾದರಿಯ ಮಸೂದೆಯನ್ನು 2008ರಲ್ಲಿ ನಮ್ಮ ರಾಜ್ಯಸಭೆಯಲ್ಲೂ ಮಂಡಿಸಿದ್ದರು, ಕಾನೂನಾಗಲಿಲ್ಲ.

ಓದುವುದಾದರೆ ನನ್ನ ಸಲಹೆ: ಮೊದಲು ಆ ಟಿಪ್ಪಣಿ ಓದಿ, ಆಮೇಲೆ ಕಥೆ. ಪಾತ್ರಗಳು ಜಾಸ್ತಿ, ಸಣ್ಣ ಸಣ್ಣ ಅಧ್ಯಾಯ, ಮೊದಲ ನೂರು ಪುಟ ಯಾರು ಯಾರು ಅಂತ ತಿಳಿಯದೆ ತಲೆ ತಿರುಗುತ್ತೆ, ಒಂದು ಚೀಟಿಯಲ್ಲಿ ಹೆಸರು ಬರೆದಿಟ್ಟುಕೊಳ್ಳಿ. ಕಾನೂನು ಓದುವವರು ಮೂರ್ ಮೊಕದ್ದಮೆಯ ತೀರ್ಪನ್ನೂ ಹುಡುಕಿ ಓದಿ, ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತೆ. ಬಹುಮತದ ತೀರ್ಪಿಗೆ ನಿಲ್ಲಿಸಬೇಡಿ. ಅದನ್ನು ಒಪ್ಪದ ನ್ಯಾಯಮೂರ್ತಿ ಸ್ಟ್ಯಾನ್ಲಿ ಮೋಸ್ಕ್ ಬರೆದ ಭಿನ್ನಮತದ ತೀರ್ಪು ಅದರ ಜತೆಗೇ ಇದೆ.